ತಬ್ಬಲಿ ಮರಿಗಳಿಗೊಂದು ಕಾವುಪೆಟ್ಟಿಗೆ

ತಾಯಿಯಿಲ್ಲದ ಬೆಕ್ಕಿನ ಮರಿಯನ್ನು ಕೈಗೆತ್ತಿಕೊಂಡವರು ಮೊದಲು ಕೇಳುವುದು ಹಾಲಿನ ವಿಷಯ. ಯಾವ ಹಾಲು, ಎಷ್ಟು ಹೊತ್ತಿಗೊಮ್ಮೆ, ಬಾಟಲಿಯಲ್ಲೋ ಸಿರಿಂಜಿನಲ್ಲೋ? ಕಾವಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಮೈ ತಣ್ಣಗಾದ ಮರಿಯ ಬಾಯಿಗೆ ಹಾಲು ಬಿಡುವುದು ಉಪಕಾರವಲ್ಲ. ಅದರ ಮೈಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರುಳಿನ ಚಲನೆ ಮಂದವಾಗಿ, ಕಡೆಗೆ ನಿಂತೇ ಹೋಗುತ್ತದೆ. ಕುಡಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಕೂರುತ್ತದೆ. ನುಂಗುವ ಶಕ್ತಿಯೂ ಕುಂದಿರುವುದರಿಂದ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಹುಟ್ಟಿದ ಮೊದಲ ವಾರದಲ್ಲಿ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಇವೆರಡೇ ಅದರ ಒಲೆ. ಆ ಒಲೆ ಆರಿದ ಮೇಲೆ ನಾವು ಏನನ್ನಾದರೂ ಹೊತ್ತಿಸಬೇಕು.

ಹೊತ್ತಿಸುವ ಬಗೆಗಳೇನೋ ಹಲವಿವೆ. ಎಲ್ಲದಕ್ಕೂ ಒಂದೊಂದು ಕೊಂಕು. ಬಿಸಿನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಸಿಗುತ್ತದೆ, ಸರಿ. ಆದರೆ ನೀರು ಆರಿದ ಮೇಲೆ ಅದೇ ಬಾಟಲಿ ಮರಿಯ ಮೈಯ ಶಾಖವನ್ನು ಹೀರತೊಡಗುತ್ತದೆ. ನಡುರಾತ್ರಿ ನೀವು ನಿದ್ದೆಯಲ್ಲಿರುವಾಗ ಉಪಕಾರಿ ಅಪಕಾರಿಯಾಗುವುದು ಹೀಗೆ. ಮೇಲಿನಿಂದ ನೇತುಹಾಕಿದ ಬಲ್ಬು ಕಣ್ಣು ಕುಕ್ಕುತ್ತದೆ, ಗಾಳಿಯನ್ನು ಒಣಗಿಸುತ್ತದೆ, ಜಾರಿ ಬಿದ್ದರೆ ಬೆಂಕಿ. ಬೆನ್ನುನೋವಿಗೆಂದು ಮಾರುವ ವಿದ್ಯುತ್ ಶಾಖದ ಪಟ್ಟಿ ಸ್ವಲ್ಪ ಹೊತ್ತಿನ ಬಳಿಕ ತಾನೇ ಆರಿಹೋಗುವಂತೆ ಮಾಡಿರುತ್ತಾರೆ. ಆರದಂಥದ್ದಾದರೆ ಅದರ ಮೇಲೆ ಮಲಗಿದ ಮರಿಯ ಚರ್ಮ ಸುಡುತ್ತದೆ. ಮನುಷ್ಯನಿಗೆ ಹಿತವೆನಿಸುವ ಬಿಸಿ ನೂರು ಗ್ರಾಂ ತೂಕದ ಜೀವಕ್ಕೆ ಹಿತವಾಗಿರಬೇಕೆಂದೇನಿಲ್ಲ. ಸುಡುತ್ತಿದೆ ಎಂದು ಅರಿತು ಸರಿದುಕೊಳ್ಳುವಷ್ಟು ಬಲ ಅದಕ್ಕೆ ಇನ್ನೂ ಬಂದಿರುವುದಿಲ್ಲ.

ಹಾಗಾಗಿ ಈ ಪೆಟ್ಟಿಗೆ. ಇದಕ್ಕೆ ನಾನು ಹಾಕಿಕೊಂಡ ಷರತ್ತುಗಳು ಇಷ್ಟು: ಕಾವಿನ ಮೂಲ ಮರಿಯ ಮೈಗೆ ತಾಗಬಾರದು. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು. ಎಲ್ಲಿರಬೇಕೆಂಬುದನ್ನು ಮರಿಯೇ ನಿರ್ಧರಿಸಬೇಕು. ಒಂದು ಭಾಗ ಕೆಟ್ಟರೂ ಒಳಗಿನ ಜೀವ ಬೇಯಬಾರದು. ಯಾವ ರೋಗದ ಪ್ರಾಣಿ ಇದ್ದು ಹೋದರೂ ಪೂರ್ತಿ ತೊಳೆದು ಮತ್ತೆ ಬಳಸುವಂತಿರಬೇಕು.

ಪೆಟ್ಟಿಗೆ

ಕೊನೆಯ ಷರತ್ತು ಮರವನ್ನೂ ಪ್ಲೈವುಡ್ಡನ್ನೂ ಆರಂಭದಲ್ಲೇ ಹೊರಗೆ ಹಾಕಿತು. ಮರ ಮೂತ್ರವನ್ನು ಹೀರಿಕೊಳ್ಳುತ್ತದೆ. ನಾಯಿಮರಿಗಳ ಪಾರ್ವೊ, ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ, ಈ ಎರಡು ರೋಗಗಳ ವೈರಾಣುಗಳು ನೆಲ, ಬಟ್ಟೆ, ಬಿರುಕುಗಳಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರಿಯ ಥರ್ಮೋಕೋಲ್ ಡಬ್ಬವೂ ಆಗದು. ಉಗುರು ತಾಗಿದಲ್ಲೆಲ್ಲ ಪುಡಿ ಉದುರುತ್ತದೆ, ಮರಿ ಅದನ್ನು ನುಂಗುತ್ತದೆ. ಆದ್ದರಿಂದ ಬಟ್ಟೆಬರೆ ತುಂಬಿಡುವ, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಆರಿಸಿಕೊಂಡೆ: ಉದ್ದ 60, ಅಗಲ 40, ಎತ್ತರ 35 ಸೆಂಟಿಮೀಟರ್. ಒಳಮೂಲೆಗಳು ದುಂಡಗಿರುವುದನ್ನೇ ನೋಡಿ ತಂದದ್ದು. ಚೂಪು ಮೂಲೆಯಲ್ಲಿ ಕೊಳೆ ನಿಂತರೆ ಎಷ್ಟು ಉಜ್ಜಿದರೂ ಬರುವುದಿಲ್ಲ.

ಎಷ್ಟು ವಾಟ್ ಶಾಖ ಬೇಕು ಎಂಬ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡದ್ದು ಒಳ್ಳೆಯದಾಯಿತು. ಈ ಪೆಟ್ಟಿಗೆಯ ಹೊರಮೈ ಒಟ್ಟು ಸುಮಾರು 1.2 ಚದರ ಮೀಟರ್. ತೆಳು ಪ್ಲಾಸ್ಟಿಕ್ ಗೋಡೆಯ ಮೂಲಕ ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಐದಾರು ವಾಟ್ ಸೋರಿಹೋಗುತ್ತದೆ. 40 ವಾಟ್ ಶಾಖ ಕೊಟ್ಟರೂ ಒಳಗೆ ಏರುವುದು ಏಳೆಂಟು ಡಿಗ್ರಿ ಮಾತ್ರ. ಕೋಣೆ 20 ಡಿಗ್ರಿ ಇರುವ ಚಳಿಯ ರಾತ್ರಿ ಪೆಟ್ಟಿಗೆ 28 ದಾಟದು; ಮೊದಲ ವಾರದ ಮರಿಗೆ ಬೇಕಾದದ್ದು 30ರಿಂದ 32. ಹೊರಗಡೆ 20 ಮಿಲಿಮೀಟರ್ ದಪ್ಪದ ಥರ್ಮೋಕೋಲ್ ಹಾಳೆ ಹೊದಿಸಿದರೆ ಸೋರಿಕೆ ಡಿಗ್ರಿಗೆ ಎರಡು ವಾಟ್ ಆಸುಪಾಸಿಗೆ ಇಳಿಯುತ್ತದೆ. ಆಗ ಅದೇ 40 ವಾಟ್ ಧಾರಾಳವಾಗಿ ಸಾಕು, ಅರ್ಧದಷ್ಟು ಹೊತ್ತು ಹೀಟರು ಆರಿಯೇ ಇರುತ್ತದೆ.

ಇದೇ ಲೆಕ್ಕದಲ್ಲಿ ಒಂದು ಎಚ್ಚರಿಕೆಯೂ ಇದೆ. ಹೀಗೆ ಹೊದಿಸಿದ ಪೆಟ್ಟಿಗೆಯಲ್ಲಿ ಹೀಟರು ಆರದೆ ಉಳಿದುಬಿಟ್ಟರೆ ಒಳಗಿನ ಉಷ್ಣತೆ ಕೋಣೆಗಿಂತ ಇಪ್ಪತ್ತು ಡಿಗ್ರಿಯಷ್ಟು ಮೇಲೇರಬಲ್ಲದು. 28 ಡಿಗ್ರಿಯ ಕೋಣೆಯಲ್ಲಿ ಅದು ಸಾವು. ಹೊದಿಕೆ ಒಳ್ಳೆಯದಾದಷ್ಟೂ ಕಾವಲು ಬಿಗಿಯಾಗಬೇಕು.

ಥರ್ಮೋಕೋಲನ್ನು ನಾಲ್ಕೂ ಕಡೆ ಹೊದಿಸಲಿಲ್ಲ. ತಂಪು ತುದಿಯ ಗೋಡೆಯನ್ನೂ ಅದರ ಮೇಲಿನ ಮುಚ್ಚಳದ ಮೂರನೆಯ ಒಂದು ಭಾಗವನ್ನೂ ಬೇಕೆಂದೇ ಬರಿದಾಗಿ ಬಿಟ್ಟೆ. ಎಲ್ಲವನ್ನೂ ಮುಚ್ಚಿದ್ದರೆ ಒಳಗೆಲ್ಲ ಒಂದೇ ಕಾವು ಹರಡಿ, ಸೆಕೆಯಾದ ಮರಿಗೆ ಸರಿಯಲು ಜಾಗವೇ ಉಳಿಯುತ್ತಿರಲಿಲ್ಲ. ಥರ್ಮೋಕೋಲಿನ ಮೇಲೆ ಅಗಲವಾದ ಪ್ಲಾಸ್ಟಿಕ್ ಟೇಪು ಸುತ್ತಿದ್ದೇನೆ, ಒದ್ದೆ ಬಟ್ಟೆಯಿಂದ ಒರೆಸಲು ಅನುಕೂಲವಾಗಲೆಂದು.

ಹೀಟರು

ಪೆಟ್ಟಿಗೆಯೊಳಗೆ ಮನೆಯ ವಿದ್ಯುತ್ ಹೋಗಕೂಡದು. ಒಳಗೆ ನೀರು, ಮೂತ್ರ, ಹಾಲು, ಎಲ್ಲವೂ ಚೆಲ್ಲುವ ಜಾಗ. ಹಾಗಾಗಿ ಎಲ್ಲವೂ 12 ವೋಲ್ಟ್. 20 ವಾಟಿನ ಎರಡು ಸಿಲಿಕೋನ್ ಹೀಟರ್ ಹಾಳೆಗಳನ್ನು 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನ ಹಿಂಬದಿಗೆ ಅಂಟಿಸಿದೆ. ತಗಡಿನ ಅಳತೆ 32ಕ್ಕೆ 25 ಸೆಂಟಿಮೀಟರ್. ಎರಡೂ ಹಾಳೆ ಸೇರಿ ಎಳೆಯುವ ವಿದ್ಯುತ್ 3.3 ಆಂಪಿಯರ್, ಅಡಾಪ್ಟರು 5 ಆಂಪಿಯರಿನದು, ನಡುವೆ ಒಂದು 5 ಆಂಪಿಯರ್ ಫ್ಯೂಸ್.

ಅಂಟಿಸುವ ಮೊದಲು ತಗಡನ್ನು ಸ್ಪಿರಿಟ್‌ನಿಂದ ಒರೆಸಿ, ಹಾಳೆಯನ್ನು ಒಂದು ಅಂಚಿನಿಂದ ನಿಧಾನವಾಗಿ ಒತ್ತುತ್ತಾ ಬರಬೇಕು. ನಡುವೆ ಗಾಳಿಗುಳ್ಳೆ ಉಳಿದರೆ ಅಲ್ಲಿನ ಶಾಖ ತಗಡಿಗೆ ಇಳಿಯದೆ ಹಾಳೆಯಲ್ಲೇ ನಿಂತು, ಆ ಜಾಗ ಸುಟ್ಟು ಕಪ್ಪಾಗುತ್ತದೆ. ಬೆರಳಿಗಿಂತ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚು ಈ ಕೆಲಸಕ್ಕೆ ಚೆನ್ನ.

ತಗಡನ್ನು ನೆಲಕ್ಕೆ ಹಾಸಬಹುದಿತ್ತು. ಅದನ್ನು ಮಾಡಲಿಲ್ಲ, ಮರಿಗಳು ಅದರ ಮೇಲೇ ಮಲಗುತ್ತವೆ, ಸುಡುವ ಭಯ ಮತ್ತೆ ಬರುತ್ತದೆ. ಬದಲಿಗೆ ಬೆಚ್ಚನೆಯ ತುದಿಯ ಗೋಡೆಗೆ ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ಎರಡೂವರೆ ಸೆಂಟಿಮೀಟರ್ ದೂರಕ್ಕೆ ಉದ್ದನೆಯ ಬೋಲ್ಟುಗಳಿಂದ ಬಿಗಿದೆ. ತಗಡಿನ ಎರಡೂ ಮುಖಗಳ ಮೇಲೆ ಗಾಳಿ ಆಡುವುದರಿಂದ ಅದು ಸುಮಾರು 55 ಡಿಗ್ರಿಯ ಆಚೆ ಹೋಗುವುದಿಲ್ಲ. ಅಷ್ಟಾದರೂ ಬಿಸಿಯೇ. ಆದ್ದರಿಂದ ಅದರ ಮುಂದೆ ನಾಲ್ಕು ಸೆಂಟಿಮೀಟರ್ ಬಿಟ್ಟು ತೂತುಗಳಿರುವ ಇನ್ನೊಂದು ಅಲ್ಯೂಮಿನಿಯಂ ಹಾಳೆಯನ್ನು ತಳದಿಂದ ಮುಚ್ಚಳದವರೆಗೆ ಅಡ್ಡ ನಿಲ್ಲಿಸಿದ್ದೇನೆ. ತೂತುಗಳು 5 ಮಿಲಿಮೀಟರ್; ಮರಿಯ ಪಾದ ತೂರದಷ್ಟು ಸಣ್ಣದು. ಕತ್ತರಿಸಿದ ಅಂಚುಗಳನ್ನೆಲ್ಲ ಅರದಿಂದ ಉಜ್ಜಿ, ಅವುಗಳ ಮೇಲೆ ಸೀಳಿದ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ಬೆರಳನ್ನು ಅಂಚಿನುದ್ದಕ್ಕೂ ಎಳೆದು ನೋಡಿ. ನಿಮ್ಮ ಬೆರಳಿಗೆ ಚುಚ್ಚಿದರೆ ಕಣ್ಣು ಬಿಡದ ಮರಿಯ ಮೂತಿಗೆ ಇನ್ನೂ ಹೆಚ್ಚು ಚುಚ್ಚುತ್ತದೆ.

ಸೆನ್ಸರನ್ನು ಎಲ್ಲಿ ಇಡುವುದು

ಇಡೀ ಕೆಲಸದಲ್ಲಿ ಹೆಚ್ಚು ತಲೆ ತಿಂದದ್ದು ಇದೊಂದು. ಉಷ್ಣತೆಯನ್ನು ಹಿಡಿತದಲ್ಲಿಡಲು ಬಳಸಿದ್ದು ಡಬ್ಲ್ಯು 1209 ಎಂಬ ಪುಟ್ಟ ಥರ್ಮೋಸ್ಟಾಟ್ ಹಲಗೆ. 12 ವೋಲ್ಟಿನಲ್ಲಿ ನಡೆಯುತ್ತದೆ, ಮೂರಂಕಿಯ ಪರದೆ, ಮೂರು ಗುಂಡಿ, ಹೀಟರನ್ನು ಹೊತ್ತಿಸಿ ಆರಿಸುವ ಒಂದು ರಿಲೇ, ವೈರಿನ ತುದಿಯಲ್ಲಿ ಉಷ್ಣತೆಯನ್ನು ಓದುವ ಒಂದು ಸೆನ್ಸರ್. ಹಲಗೆ ಪೆಟ್ಟಿಗೆಯ ಹೊರಗೆ. ಸೆನ್ಸರ್ ಮಾತ್ರ ಒಳಗೆ.

ಮುಚ್ಚಳಕ್ಕೆ ನೇತುಹಾಕಿದರೆ ಅದು ಮೇಲೇರಿದ ಬಿಸಿಗಾಳಿಯನ್ನು ಓದುತ್ತದೆ, ಕೆಳಗೆ ಮರಿ ತಣ್ಣಗಿರುತ್ತದೆ. ಹಾಸಿಗೆಯ ಮೇಲೆ ಸುಮ್ಮನೆ ಬಿಟ್ಟರೆ ಮರಿಗಳು ಅದನ್ನೇ ಅಪ್ಪಿಕೊಂಡು ಮಲಗುತ್ತವೆ. ಆಗ ಪರದೆಯ ಮೇಲೆ ಕಾಣುವುದು ಮರಿಯ ಮೈಯ ಉಷ್ಣತೆ. ಸಾಕಷ್ಟು ಬಿಸಿಯಿದೆ ಎಂದುಕೊಂಡು ಥರ್ಮೋಸ್ಟಾಟ್ ಹೀಟರನ್ನು ಆರಿಸುತ್ತದೆ, ಮರಿಗಳ ಮೈ ಆರುತ್ತಾ ಹೋಗುತ್ತದೆ, ಪರದೆ ಮಾತ್ರ ಎಲ್ಲ ಕ್ಷೇಮ ಎನ್ನುತ್ತಿರುತ್ತದೆ. ಕಡೆಗೆ ಬೆಚ್ಚನೆಯ ತುದಿಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ, ಹಾಸಿಗೆಯಿಂದ ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ, ತೂತು ಕೊರೆದ ಸಣ್ಣ ಪಿವಿಸಿ ಕೊಳವೆಯನ್ನು ಪಕ್ಕದ ಗೋಡೆಗೆ ಅಡ್ಡಡ್ಡವಾಗಿ ಬಿಗಿದು, ಅದರೊಳಗೆ ಸೆನ್ಸರನ್ನು ಕೂರಿಸಿದೆ. ಗಾಳಿ ಆಡುತ್ತದೆ, ಮರಿಯ ಮೈಯಾಗಲೀ ಬಟ್ಟೆಯಾಗಲೀ ತಾಗುವುದಿಲ್ಲ. ವೈರು ಹೊರಬರುವ ತೂತನ್ನು ಸಿಲಿಕೋನ್ ಅಂಟಿನಿಂದ ಮುಚ್ಚಿದ್ದೇನೆ. ವಿನೆಗರ್ ವಾಸನೆಯ ಸಿಲಿಕೋನಾದರೆ ಆ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ಬಿಸಿಲಲ್ಲಿ ಬಾಯಿ ತೆರೆದಿಡಿ. ಎಳೆಯ ಶ್ವಾಸಕೋಶಕ್ಕೆ ಅದು ಬೇಡ.

ಥರ್ಮೋಸ್ಟಾಟನ್ನು ತಂದ ಕೂಡಲೇ ನಂಬಬೇಡಿ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕಿದರೆ ಅದು ಸೊನ್ನೆ ಡಿಗ್ರಿ. ಸೆನ್ಸರನ್ನು ಅದರಲ್ಲಿ ಮುಳುಗಿಸಿ ನೋಡಬಹುದು. ನಮಗೆ ಬೇಕಾದ ಮಟ್ಟದಲ್ಲಿ ಇನ್ನೂ ಒಳ್ಳೆಯ ಪರೀಕ್ಷೆ ಎಂದರೆ ಒಂದು ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರನ್ನೂ ಸೆನ್ಸರನ್ನೂ ಒಟ್ಟಿಗೆ ಅದ್ದುವುದು. ನನ್ನದು 1.2 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಪಿ4 ಎಂಬ ಆಯ್ಕೆಯಲ್ಲಿ ಅಷ್ಟನ್ನು ಕಳೆಯುವಂತೆ ತುಂಬಿದೆ. ಪಿ1 ಹೀಟರು ಎಷ್ಟು ವ್ಯತ್ಯಾಸಕ್ಕೆ ಮತ್ತೆ ಹೊತ್ತಿಕೊಳ್ಳಬೇಕೆಂಬುದು. ತಯಾರಕರು 2 ಡಿಗ್ರಿ ಇಟ್ಟಿರುತ್ತಾರೆ, ಅದನ್ನು ಅರ್ಧ ಡಿಗ್ರಿಗೆ ಇಳಿಸಿದೆ. ಪಿ0 ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಬಿಸಿ ಮಾಡುವ ಕ್ರಮಕ್ಕೆ ಎಚ್, ತಂಪು ಮಾಡುವ ಕ್ರಮಕ್ಕೆ ಸಿ. ಅದು ಸಿ ಆಗಿ ಉಳಿದರೆ ಪೆಟ್ಟಿಗೆ ಬಿಸಿಯಾದಷ್ಟೂ ಹೀಟರು ಉರಿಯುತ್ತದೆ.

ಕಾವಲು

ರಿಲೇ ಎಂದರೆ ಒಳಗೆ ಎರಡು ಲೋಹದ ತುಣುಕುಗಳು ಕೂಡುವುದು, ಬಿಡುವುದು. ಸಾವಿರಾರು ಬಾರಿ ಕಿಡಿ ಹಾರಿದ ಮೇಲೆ ಅವು ಅಂಟಿಕೊಂಡು ಕೂರಬಹುದು. ಆಗ ಥರ್ಮೋಸ್ಟಾಟ್ ಆರಿಸಿದೆನೆಂದುಕೊಂಡರೂ ಹೀಟರು ಉರಿಯುತ್ತಲೇ ಇರುತ್ತದೆ. ಆದ್ದರಿಂದ ಹೀಟರಿನ ದಾರಿಯಲ್ಲಿ ಸಾಲಾಗಿ ಎರಡು ಬೈಮೆಟಲ್ ಕಟಾಫ್ ಸೇರಿಸಿದೆ. ನಿಗದಿತ ಬಿಸಿಗೆ ಒಳಗಿನ ಪಟ್ಟಿ ಬಾಗಿ ಸಂಪರ್ಕ ಕಡಿಯುವ ಪುಟ್ಟ ಡಬ್ಬಿಗಳವು. ಪ್ರೋಗ್ರಾಮ್ ಇಲ್ಲ, ಗುಂಡಿ ಇಲ್ಲ, ತಪ್ಪು ಓದುವ ಪರದೆಯೂ ಇಲ್ಲ. ಒಂದು 70 ಡಿಗ್ರಿಯದು, ತಗಡಿಗೇ ಅಂಟಿದೆ. ಇನ್ನೊಂದು 40 ಡಿಗ್ರಿಯದು, ಬೆಚ್ಚನೆಯ ತುದಿಯ ಗಾಳಿಯಲ್ಲಿ, ತೂತಿನ ಹಾಳೆಯ ಈಚೆ.

ಬೆಸುಗೆ ಹಾಕುವಾಗ ಕಟಾಫಿನ ಕಾಲನ್ನು ಇಕ್ಕಳದಿಂದ ಕಚ್ಚಿ ಹಿಡಿದಿರಬೇಕು. ಇಲ್ಲದಿದ್ದರೆ ಬೆಸುಗೆಯ ಶಾಖಕ್ಕೇ ಅದು ಟಕ್ಕೆಂದು ಬಿಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಅಲ್ಲೇ ಕೆಟ್ಟೂ ಹೋಗುತ್ತದೆ.

ಕಾವಲುಗಾರನನ್ನು ಕೆಲಸಕ್ಕಿಟ್ಟ ಮೇಲೆ ಎಚ್ಚರವಾಗಿದ್ದಾನೆಯೇ ಎಂದು ನೋಡಬೇಕಲ್ಲ. ಪೆಟ್ಟಿಗೆ ಖಾಲಿಯಿದ್ದಾಗ ರಿಲೇಯ ಎರಡು ತುದಿಗಳಿಗೆ ತುಂಡು ವೈರು ಕೂಡಿಸಿ, ಅದು ಅಂಟಿಕೊಂಡಂತೆ ನಟಿಸಿದೆ. ಒಳಗೆ ಇನ್ನೊಂದು ಥರ್ಮಾಮೀಟರ್. ಉಷ್ಣತೆ 34, 36, 38 ಎಂದು ಏರುತ್ತಾ ಹೋಯಿತು. 39 ದಾಟಿದಾಗ ಸಣ್ಣ ಸದ್ದಿನೊಂದಿಗೆ ಕಟಾಫ್ ಬಿಚ್ಚಿಕೊಂಡಿತು. ಮಲ್ಟಿಮೀಟರಿನಲ್ಲಿ ಹೀಟರಿನ ವಿದ್ಯುತ್ ಸೊನ್ನೆಗೆ ಬಂತು. ಅದು ಮತ್ತೆ ಕೂಡಿಕೊಂಡದ್ದು ಹತ್ತಿಪ್ಪತ್ತು ಡಿಗ್ರಿ ತಣ್ಣಗಾದ ಮೇಲೆ. ಅಂದರೆ ರಿಲೇ ಕೆಟ್ಟ ರಾತ್ರಿ ಪೆಟ್ಟಿಗೆ ಮೊದಲು ಸೆಕೆಯಾಗಿ ಆಮೇಲೆ ತಣ್ಣಗಾಗುತ್ತದೆ. ಅದು ಒಳ್ಳೆಯ ಸ್ಥಿತಿಯಲ್ಲ, ಆದರೆ ಒಳಗಿನ ಜೀವ ಬೇಯುವುದಿಲ್ಲ. ಸೆನ್ಸರಿನ ವೈರು ತುಂಡಾದಾಗ ಏನಾಗುತ್ತದೆ ಎಂಬ ಪ್ರಶ್ನೆಗೂ ಇದೇ ಉತ್ತರ. ಈ ಬಗೆಯ ಸೆನ್ಸರಿನಲ್ಲಿ ತಣ್ಣಗಾದಷ್ಟೂ ವಿದ್ಯುತ್ ರೋಧ ಹೆಚ್ಚುತ್ತದೆ. ತುಂಡಾದ ವೈರು ಥರ್ಮೋಸ್ಟಾಟಿನ ಕಣ್ಣಿಗೆ ವಿಪರೀತ ಚಳಿಯಂತೆಯೇ ಕಾಣಬಹುದು. ಅದರ ಜಾಣತನವನ್ನು ನೆಚ್ಚಿ ಕೂರುವುದಕ್ಕಿಂತ ಬಾಗುವ ಲೋಹದ ಪಟ್ಟಿಯನ್ನು ನೆಚ್ಚುವುದು ವಾಸಿ.

ಗಾಳಿ, ತೇವ

ತಂಪು ತುದಿಯಲ್ಲಿ ಕೆಳಗಡೆ, ಬೆಚ್ಚನೆಯ ತುದಿಯಲ್ಲಿ ಮೇಲ್ಗಡೆ 12 ಮಿಲಿಮೀಟರಿನ ತೂತುಗಳ ಸಾಲು. ಬಿಸಿಗಾಳಿ ಮೇಲಿನಿಂದ ಹೊರಟಂತೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ; ಫ್ಯಾನು ಬೇಡ, ಎಳೆಯ ಮೈಗೆ ಬೀಸುಗಾಳಿ ಒಗ್ಗುವುದಿಲ್ಲ.

ತೇವದ ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೋಣೆಯಲ್ಲಿ 22 ಡಿಗ್ರಿಯಲ್ಲಿ ಶೇ. 50ರಷ್ಟು ಆರ್ದ್ರತೆ ಇದ್ದ ಗಾಳಿಯನ್ನು ಸುಮ್ಮನೆ 31 ಡಿಗ್ರಿಗೆ ಬಿಸಿ ಮಾಡಿದರೆ ಅದರ ಆರ್ದ್ರತೆ ಶೇ. 30ರ ಹತ್ತಿರಕ್ಕೆ ಇಳಿಯುತ್ತದೆ. ಮರಿಗಳಿಗೆ ಬೇಕಾದದ್ದು ಶೇ. 55ರಿಂದ 65. ಒಣಗಾಳಿಯಲ್ಲಿ ಅವುಗಳ ತೆಳು ಚರ್ಮದಿಂದ ನೀರಿನಂಶ ಆರಿಹೋಗುತ್ತದೆ, ಎಷ್ಟು ಹಾಲು ಕುಡಿಸಿದರೂ ಮೈ ಒಣಕಲಾಗಿಯೇ ಇರುತ್ತದೆ. ಮುಚ್ಚಳಕ್ಕೆ ತೂತು ಕೊರೆದ ಸಣ್ಣ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಅದನ್ನು ಬೆಚ್ಚನೆಯ ತುದಿಯ ಮೂಲೆಗೆ ಸಿಕ್ಕಿಸಿದ್ದೇನೆ. ಅಗ್ಗದ ಆರ್ದ್ರತೆ ಮಾಪಕವೊಂದು ಪಕ್ಕದಲ್ಲಿದೆ. ಸ್ಪಂಜನ್ನು ದಿನವೂ ಬಿಸಿನೀರಿನಲ್ಲಿ ಹಿಂಡಿ ಬದಲಿಸಬೇಕು, ಇಲ್ಲವಾದರೆ ಅದೇ ಒಂದು ಬೂಷ್ಟಿನ ತೋಟವಾಗುತ್ತದೆ.

ಹಾಸಿಗೆಗೆ ಫ್ಲೀಸ್ ಬಟ್ಟೆ. ಟವೆಲ್ಲಿನ ನೂಲಿನ ಕುಣಿಕೆಗಳಲ್ಲಿ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ.

ಒಂದು ಇಡೀ ದಿನ ಖಾಲಿ ನಡೆಸಿ ನೋಡಿದಾಗ ಬೆಚ್ಚನೆಯ ತುದಿ 31, ನಡುವೆ 29, ತಂಪು ತುದಿ 26 ಇತ್ತು. ಬೇಕೆಂದು ಬಯಸಿದ್ದ ಇಳಿಜಾರು ಇದೇ.

ಮೊದಲ ವಾಸಿಗಳು

ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಬಿಟ್ಟುಹೋಗಿದ್ದ ಮೂರು ಬೆಕ್ಕಿನ ಮರಿಗಳು. ಹೊಕ್ಕುಳಬಳ್ಳಿ ಇನ್ನೂ ಉದುರಿರಲಿಲ್ಲ, ಅಂದರೆ ಹುಟ್ಟಿ ಕೆಲವೇ ದಿನ. ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಆದರೆ ಪೊದೆಯಲ್ಲೋ ಅಟ್ಟದಲ್ಲೋ ಮರಿ ಕಂಡ ಕೂಡಲೇ ಎತ್ತಿಕೊಂಡು ಬರುವವರಿಗೆ ಒಂದು ಮಾತು: ತಾಯಿ ಆಹಾರ ಹುಡುಕಿ ಹೋಗಿರಬಹುದು, ಅಥವಾ ನೀವು ಅಲ್ಲಿ ನಿಂತಿದ್ದೀರೆಂದೇ ದೂರ ಕಾದಿರಬಹುದು. ಮರಿಗಳು ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಸುಮ್ಮನೆ ಮಲಗಿದ್ದರೆ ಹಿಂದೆ ಸರಿದು ಕೆಲವು ಗಂಟೆ ಕಾಯಿರಿ. ಯಾವ ಪೆಟ್ಟಿಗೆಯೂ ತಾಯಿಗೆ ಸಮನಲ್ಲ, ಇದನ್ನು ಕಟ್ಟಿದ ನಾನೇ ಹೇಳುತ್ತಿದ್ದೇನೆ.

ತಂಗಿ ಹಾಲು ಕಲಸಿಯೇಬಿಟ್ಟಿದ್ದಳು. "ಅಕ್ಕ, ಇದು ಬಾಯಿ ತೆರೆಯುತ್ತಿದೆ ನೋಡು, ಹಸಿದಿದೆ" ಎಂದಳು. ಬಾಯೊಳಗೆ ಬೆರಳಿಟ್ಟರೆ ನಾಲಿಗೆ ತಣ್ಣಗಿತ್ತು, ಒಸಡು ಬಿಳಿಚಿತ್ತು, ಚೀಪುವ ಬಲವಿರಲಿಲ್ಲ. ಥರ್ಮಾಮೀಟರ್ 33.4 ತೋರಿಸಿತು. ಮೊದಲ ವಾರದಲ್ಲಿ 35ರಿಂದ 37 ಇರಬೇಕಾದದ್ದು. ಹಾಲನ್ನು ಪಕ್ಕಕ್ಕಿಟ್ಟು ಮರಿಗಳನ್ನು ಪೆಟ್ಟಿಗೆಯ ನಡುಭಾಗದಲ್ಲಿ ಮಲಗಿಸಿ, ಆಗಾಗ ಮಗ್ಗುಲು ಬದಲಿಸಿದೆವು. ಅವಸರದಿಂದ ಬಿಸಿ ಮಾಡುವುದೂ ಅಪಾಯ. ಚರ್ಮದ ರಕ್ತನಾಳಗಳು ಒಮ್ಮೆಗೇ ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ. ಒಂದರಿಂದ ಮೂರು ಗಂಟೆಯ ಹೊತ್ತು ತೆಗೆದುಕೊಂಡು ಏರಿಸಬೇಕು. ಹಸಿದ ಮರಿಯ ಎದುರು ಹಾಲು ಹಿಡಿದುಕೊಂಡು, ಕೊಡದೆ ಕಾಯುವ ಆ ಹೊತ್ತು ತಂಗಿಗೆ ಬಹಳ ಕಷ್ಟವಾಯಿತು. ಪಶುವೈದ್ಯರಿಗೆ ಫೋನು ಮಾಡಿದಾಗ ಅವರೂ ಹೇಳಿದ್ದು ಒಂದೇ ಮಾತು, "ಮೊದಲು ಬಿಸಿ ಮಾಡಿ, ಆಮೇಲೆ ಹಾಲು."

ಉಷ್ಣತೆ 36 ಮುಟ್ಟಿದ ಮೇಲೆ ಬೆರಳನ್ನು ಚೀಪತೊಡಗಿದವು. ಆಗ ಕೊಟ್ಟದ್ದು ಬೆಕ್ಕಿನ ಮರಿಗಳಿಗೆಂದೇ ಮಾಡಿದ ಪುಡಿಯ ಹಾಲು. ಹಸುವಿನ ಹಾಲಿನಲ್ಲಿ ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನ್ ಇರುವುದಿಲ್ಲ, ಲ್ಯಾಕ್ಟೋಸ್ ಮಾತ್ರ ಹೆಚ್ಚು. ಭೇದಿ ಶುರುವಾದರೆ ಇಷ್ಟು ಚಿಕ್ಕ ಮೈ ಬೇಗನೆ ಒಣಗುತ್ತದೆ. ಕುಡಿಸುವಾಗ ಮರಿಯ ಹೊಟ್ಟೆ ಕೆಳಗಿರಬೇಕು, ತಲೆ ತುಸು ಮೇಲೆ. ಮಗುವಿನಂತೆ ಬೆನ್ನ ಮೇಲೆ ಮಲಗಿಸಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಹಾಲಿನ ಬಳಿಕ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಬದಿಯನ್ನು ಮೆಲ್ಲಗೆ ಉಜ್ಜಬೇಕು; ತಾಯಿ ನೆಕ್ಕಿ ಮಾಡಿಸುವ ಕೆಲಸವದು. ಸುಮಾರು ಮೂರು ವಾರದವರೆಗೆ ಅವು ತಾವಾಗಿ ಮೂತ್ರ ಮಾಡುವುದಿಲ್ಲ.

ಗ್ರಾಂ ತೋರಿಸುವ ತಕ್ಕಡಿಯೊಂದು ಇರಲೇಬೇಕು. ಬೆಕ್ಕಿನ ಮರಿ ಹುಟ್ಟುವಾಗ ನೂರು ಗ್ರಾಂ ಆಸುಪಾಸು, ದಿನಕ್ಕೆ ಹತ್ತು ಗ್ರಾಮಿನಷ್ಟು ಏರಬೇಕು. ತೂಕ ನಿಂತರೆ ಅಥವಾ ಇಳಿದರೆ, ಮರಿ ಎಷ್ಟೇ ಚುರುಕಾಗಿ ಕಂಡರೂ ವೈದ್ಯರನ್ನು ಕಾಣಬೇಕು. ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕದರ ತೂಕ ಏರಲೇ ಇಲ್ಲ. ಚಿಕಿತ್ಸೆ ಕೊಡಿಸಿದರೂ ಉಳಿಯಲಿಲ್ಲ. ಹುಟ್ಟಿದ ಮೊದಲ ದಿನದ ತಾಯಿಹಾಲಿನಲ್ಲಿ ಬರುವ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಆ ಒಂದು ದಿನ ಮಾತ್ರ ನೇರವಾಗಿ ಹೀರಿಕೊಳ್ಳಬಲ್ಲದು. ಆ ಹಾಲು ಅದಕ್ಕೆ ದಕ್ಕಿತ್ತೋ ಇಲ್ಲವೋ. ಕಾವುಪೆಟ್ಟಿಗೆ ಕಾವು ಕೊಡುತ್ತದೆ, ಅಷ್ಟೆ.

ಉಳಿದೆರಡು ಪೆಟ್ಟಿಗೆಯನ್ನು ಬಳಸುವ ಬಗೆಯನ್ನು ನನಗಿಂತ ಬೇಗ ಕಲಿತವು. ಕಣ್ಣು ಮುಚ್ಚಿರುವಾಗಲೂ ಮೂತಿಯನ್ನು ಆಚೀಚೆ ಆಡಿಸುತ್ತಾ ಬೆಚ್ಚನೆಯ ಕಡೆಗೆ ತೆವಳುತ್ತವೆ. ಹೊಟ್ಟೆ ತುಂಬಿ ಮೈ ಬಿಸಿಯಾದ ಮೇಲೆ ಅರ್ಧ ಅಡಿ ಹಿಂದೆ ಸರಿದು ಮಲಗುತ್ತವೆ. ಒಂದರ ಮೇಲೊಂದು ಬಿಗಿಯಾಗಿ ಏರಿ ಕೂಗುತ್ತಿದ್ದರೆ ಚಳಿ. ತಂಪು ಗೋಡೆಗೆ ಒತ್ತಿಕೊಂಡು, ಒಂದಕ್ಕೊಂದು ದೂರವಾಗಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಸೆಕೆ. ತಾಗಿಯೂ ತಾಗದಂತೆ ಸಡಿಲವಾಗಿ ಬಿದ್ದುಕೊಂಡು ನಿದ್ದೆಯಲ್ಲಿ ಆಗಾಗ ಮಿಡಿಯುತ್ತಿದ್ದರೆ ಕಾವು ಸರಿಯಾಗಿದೆ. ಪರದೆಯ ಅಂಕಿಗೂ ಮರಿಗಳ ಮಲಗುವ ಬಗೆಗೂ ತಾಳೆಯಾಗದಿದ್ದಾಗ ನಾನು ಮರಿಗಳ ಮಾತನ್ನೇ ಕೇಳುತ್ತೇನೆ. ಎರಡನೆಯ ವಾರ 27ರಿಂದ 29, ನಾಲ್ಕನೆಯ ವಾರದ ಹೊತ್ತಿಗೆ 24 ಎಂದು ಇಳಿಸುತ್ತಾ ಬರಬೇಕು. ಒಂಟಿ ಮರಿಯಾದರೆ ಅಪ್ಪಿಕೊಳ್ಳಲು ಜೊತೆಯಿಲ್ಲ, ತುಸು ಹೆಚ್ಚೇ ಇರಲಿ.

ವಿದ್ಯುತ್ ಹೋದಾಗ

12 ವೋಲ್ಟಿನ ಇನ್ನೊಂದು ಲಾಭ ಆಗ ತಿಳಿಯುತ್ತದೆ. ಅಡಾಪ್ಟರಿನ ಪಿನ್ನನ್ನು ಕಿತ್ತು ಬ್ಯಾಟರಿಯ ಪಿನ್ನನ್ನು ಸಿಕ್ಕಿಸಿದರೆ ಆಯಿತು. 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವಾಟ್-ಅವರ್ ಇದೆ. ಸರಾಸರಿ 22 ವಾಟ್ ಬಳಕೆಗೆ ನಾಲ್ಕು ಗಂಟೆ ಬರಬೇಕು, ಆದರೆ ಸೀಸದ ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡಿದರೆ ಅದು ಹಾಳಾಗುತ್ತದೆ. ಎರಡು ಗಂಟೆ ಎಂದಿಟ್ಟುಕೊಳ್ಳಿ. ಇದರ ಜೊತೆಗೆ ತೂತಿನ ಹಾಳೆಯ ಹಿಂದೆ ನೀರು ತುಂಬಿದ ಎರಡು ಸಣ್ಣ ಬಾಟಲಿಗಳು ಸದಾ ಇರುತ್ತವೆ. ಹೀಟರಿನ ಜೊತೆ ತಾವೂ ಬಿಸಿಯಾಗಿ, ಅದು ಆರಿದಾಗ ಉಷ್ಣತೆ ಒಮ್ಮೆಗೇ ಬೀಳದಂತೆ ಹಿಡಿಯುತ್ತವೆ.

ತೊಳೆಯುವುದು

ಮರಿಗಳು ಬೆಳೆದು ಹೊರಟ ಮೇಲೆ ಪೆಟ್ಟಿಗೆಗೆ ಬಂದದ್ದು ಭೇದಿಯಿಂದ ನಿತ್ರಾಣವಾಗಿದ್ದ ನಾಯಿಮರಿ. ಪರೀಕ್ಷೆಯಲ್ಲಿ ಪಾರ್ವೊ ಎಂದು ಬಂತು. ಚಿಕಿತ್ಸೆ ವೈದ್ಯರದು, ಡ್ರಿಪ್ ಮುಗಿದ ಮೇಲಿನ ಬೆಚ್ಚನೆಯ ಏಕಾಂತ ನಮ್ಮದು. ಅದು ಚೇತರಿಸಿಕೊಂಡು ಹೋದ ಮೇಲೆ ಪೆಟ್ಟಿಗೆಯ ನಿಜವಾದ ಪರೀಕ್ಷೆ ನಡೆಯಿತು.

ಪಾರ್ವೊ ವೈರಾಣುವಿಗೆ ಸ್ಪಿರಿಟ್ ನಾಟುವುದಿಲ್ಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಕೂಡ ನೆಚ್ಚುವಂಥದ್ದಲ್ಲ. ಮನೆಬಳಕೆಯ ಬ್ಲೀಚು ಕೊಲ್ಲುತ್ತದೆ, ಒಂದು ಪಾಲಿಗೆ 32 ಪಾಲು ನೀರು, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಆದರೆ ಕೊಳೆಯ ಮೇಲೆ ಬ್ಲೀಚು ಕೆಲಸ ಮಾಡುವುದಿಲ್ಲ; ಮೊದಲು ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಮೂತ್ರದ ಅಮೋನಿಯಾ ಬ್ಲೀಚಿನೊಂದಿಗೆ ಬೆರೆತರೆ ಏಳುವ ಹೊಗೆ ವಿಷ, ಆ ಕಾರಣಕ್ಕೂ ತೊಳೆಯುವುದು ಮೊದಲು. ನೆಲ ಒರೆಸುವ ಫಿನಾಯಿಲ್ ಬಗೆಯ ದ್ರವಗಳನ್ನು ಈ ಪೆಟ್ಟಿಗೆಯ ಹತ್ತಿರವೂ ತರುವುದಿಲ್ಲ. ಬೆಕ್ಕಿನ ಯಕೃತ್ತಿಗೆ ಫಿನಾಲ್ ಅರಗಿಸುವ ಶಕ್ತಿ ಬಹಳ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಕೇಡು.

ತೊಳೆಯಲು ಎಲ್ಲವೂ ಬಿಚ್ಚಿ ಬರುವಂತೆ ರೆಕ್ಕೆಯ ನಟ್ಟುಗಳನ್ನು ಹಾಕಿದ್ದು ಉಪಯೋಗಕ್ಕೆ ಬಂತು. ತಗಡು, ತೂತಿನ ಹಾಳೆ, ಸೆನ್ಸರಿನ ಕೊಳವೆ ಎಲ್ಲ ಕೈಯಲ್ಲೇ ಕಳಚುತ್ತವೆ. ತಗಡನ್ನು ಮಾತ್ರ ಮುಳುಗಿಸದೆ ಒರೆಸಬೇಕು; ಬ್ಲೀಚು ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಹತ್ತು ನಿಮಿಷ ಮುಗಿದೊಡನೆ ಶುದ್ಧ ನೀರಿನಿಂದ ಒರೆಸಿ ಒಣಗಿಸುತ್ತೇನೆ. ನಾಯಿಮರಿಯ ಬಟ್ಟೆ, ಸ್ಪಂಜು, ಸುತ್ತಿದ್ದ ಟೇಪು ಎಲ್ಲವನ್ನೂ ಎಸೆದದ್ದಾಯಿತು. ಥರ್ಮೋಕೋಲಿನ ಅಂಚಿನಲ್ಲಿ ಟೇಪು ಎದ್ದ ಜಾಗದಿಂದ ನೀರು ಇಳಿದಿತ್ತು, ಆದ್ದರಿಂದ ಹೊದಿಕೆಯನ್ನೂ ಹೊಸದು ಮಾಡಿದೆ. ಅಷ್ಟಾದರೂ ಲಸಿಕೆಯಾಗದ ಮರಿಗಳನ್ನು ಸದ್ಯಕ್ಕೆ ಇದರಲ್ಲಿ ಇಡುತ್ತಿಲ್ಲ. ಈಗ ಶಸ್ತ್ರಚಿಕಿತ್ಸೆಯಾದ, ಲಸಿಕೆ ಪೂರ್ತಿಯಾಗಿರುವ ಮುದಿ ಬೆಕ್ಕೊಂದು 26 ಡಿಗ್ರಿಯಲ್ಲಿ ಕಾಲು ಚಾಚಿದೆ.

ಎಳೆಯ ಮರಿಗಳಿಗೆ ಎರಡನೆಯ ಪೆಟ್ಟಿಗೆಯ ಕೆಲಸ ಶುರುವಾಗಿದೆ. ಅದರಲ್ಲಿ ಬದಲಿಸುತ್ತಿರುವುದು ಮೂರು. ಹೊದಿಕೆಗೆ ಟೇಪಿನ ಬದಲು ಒಂದರೊಳಗೊಂದು ಕೂರುವ ಎರಡು ಪ್ಲಾಸ್ಟಿಕ್ ಪೆಟ್ಟಿಗೆಗಳ ನಡುವೆ ಥರ್ಮೋಕೋಲ್ ಇಟ್ಟು ಅಂಚನ್ನು ಮುಚ್ಚುವುದು. ಮುಚ್ಚಳವನ್ನು ಪೂರ್ತಿ ಎತ್ತದೆ ಮರಿಯನ್ನು ತೆಗೆಯಲು ತಂಪು ತುದಿಯಲ್ಲೊಂದು ಜಾರುಬಾಗಿಲು. ಪ್ರತಿ ಸಲ ಮುಚ್ಚಳ ತೆರೆದಾಗ ಉಷ್ಣತೆ ನಾಲ್ಕೈದು ಡಿಗ್ರಿ ಬೀಳುತ್ತದೆ, ಎರಡು ಗಂಟೆಗೊಮ್ಮೆ ಹಾಲು ಕುಡಿಸುವ ವಾರದಲ್ಲಿ ಅದು ಸಣ್ಣ ನಷ್ಟವಲ್ಲ. ಇನ್ನೊಂದು, ಉಷ್ಣತೆ 28ಕ್ಕಿಂತ ಕೆಳಗಿಳಿದರೆ ಕೂಗುವ ಬಜರು. ಹಳೆಯದು ಹೆಚ್ಚು ಬಿಸಿಯಾದರೆ ತಾನೇ ಆರುತ್ತದೆ. ತಣ್ಣಗಾದರೆ ಯಾರನ್ನೂ ಎಬ್ಬಿಸುವುದಿಲ್ಲ. ಬಜರಿಗೆ ಬೇರೆ ಥರ್ಮೋಸ್ಟಾಟ್ ಹಲಗೆ, ಬೇರೆ ಸೆನ್ಸರ್, ಬೇರೆ ಸಣ್ಣ ಬ್ಯಾಟರಿ ಕೊಡುತ್ತಿದ್ದೇನೆ. ಮೊದಲನೆಯದು ಕೆಟ್ಟಾಗ ಕೂಗಬೇಕಾದದ್ದು ಮೊದಲನೆಯದರ ವಿದ್ಯುತ್ತನ್ನೇ ನೆಚ್ಚಿರಬಾರದು.